ಚಾಚಾ ಓದಿಸಿದ ಮೊದಲ ಸಾಲು

ಹೋದ ತಿಂಗಳು ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಹಳೆಯ ಸಾಮಾನನ್ನೆಲ್ಲ ಗುಜರಿಗೆ ಹಾಕುವುದೆಂದು ತೀರ್ಮಾನವಾಯಿತು. ಯಾವುದು ಇರಬೇಕು, ಯಾವುದು ಹೋಗಬೇಕು ಎಂದು ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಲ್ಯಾಬಿನಲ್ಲಿ ಎಲ್ಲಕ್ಕಿಂತ ಹಳೆಯ ಸಾಮಾನು ನಾನೇ ಆಗಿರುವುದರಿಂದ ಇದು ನ್ಯಾಯವೇ. ಧೂಳಿಗೆ ಸೀನುತ್ತ, ಗೊಣಗುತ್ತ ಡಬ್ಬಿಗಳನ್ನು ಬಗ್ಗಿಸುತ್ತಿದ್ದಾಗ ಒಂದರ ತಳದಲ್ಲಿ ಚಪ್ಪಟೆಯಾದ ಬೂದು ಬಣ್ಣದ ಕೇಬಲ್ ಸಿಕ್ಕಿತು. ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸುವ ಹಿಂದಿನ ಕಾಲದ ಕೇಬಲ್. ಅದನ್ನು ನೀಟಾಗಿ ಮಡಚಿ ನಡುವೆ ಕೆಂಪು ರೇಷ್ಮೆ ದಾರದಿಂದ ಕಟ್ಟಿದ್ದರು.

ಹಾಗೆ ಕಟ್ಟುತ್ತಿದ್ದವರು ಒಬ್ಬರೇ. ಅವರ ತಂಗಿಯನ್ನು ಇಳಕಲ್ಲಿಗೆ ಕೊಟ್ಟಿದ್ದರು, ಆ ಮನೆಯಲ್ಲಿ ಮಗ್ಗವಿತ್ತು. ಸೀರೆ ನೇಯ್ದು ಉಳಿದ ತುಂಡು ದಾರ ಅವರ ಅಂಗಿಯ ಜೇಬಿನಲ್ಲಿ ಸದಾ ಇರುತ್ತಿತ್ತು. ನಾನು ಆ ಕೇಬಲ್ಲನ್ನು ಕೈಯಲ್ಲಿ ಹಿಡಿದುಕೊಂಡು ಎಷ್ಟು ಹೊತ್ತು ಕುಳಿತೆನೋ... ಗುಜರಿಯವನು ಎರಡು ಸಲ ಕೇಳಿದ ಮೇಲೆ, ಇದು ಇರಲಿ ಎಂದೆ.

ಅವರನ್ನು ಪ್ರಾಚಾರ್ಯರಿಂದ ಹಿಡಿದು ಗೇಟಿನ ವಾಚ್‌ಮನ್‌ನವರೆಗೆ ಎಲ್ಲರೂ ಚಾಚಾ ಎಂದೇ ಕರೆಯುತ್ತಿದ್ದರು. ಲ್ಯಾಬಿನ ಯಂತ್ರಗಳನ್ನೆಲ್ಲ ನೋಡಿಕೊಳ್ಳುವ ಕೆಲಸ ಅವರದು. ಕುಳ್ಳನೆಯ ಮನುಷ್ಯ, ಎಂಥ ಬೇಸಿಗೆಯಲ್ಲೂ ತುಂಬು ತೋಳಿನ ಅಂಗಿ. ಯಂತ್ರಗಳಿಗೂ ಗೌರವ ಕೊಟ್ಟು ಮಾತಾಡುವುದು ಅವರ ರೂಢಿ. ಬೆಳಗ್ಗೆ ಬಂದವರೇ ಮೂಲೆಯ ದೊಡ್ಡ ಸರ್ವರಿನ ಮುಂದೆ ನಿಂತು, "ಏನ್ರಿ ಸಾಹೇಬ್ರ, ಇವತ್ತ ಏಳಾವ್ರು ಅದೀರೋ ಇಲ್ಲೋ?" ಎಂದು ಕೇಳಿಯೇ ಗುಂಡಿ ಒತ್ತುತ್ತಿದ್ದರು. ನಾನು ನಗುತ್ತಿದ್ದೆ. ಈಗ ಅದೇ ಲ್ಯಾಬಿನಲ್ಲಿ, ಯಾರೂ ಇಲ್ಲದಾಗ, ನಾನೂ ಹಾಗೆಯೇ ಕೇಳುತ್ತೇನೆ ಎಂದು ಬರೆಯಲು ನಾಚಿಕೆಯೇನಿಲ್ಲ.

ಆಗ ನಾನು ಅಲ್ಲಿ ಸಹಾಯಕಿಯಾಗಿ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ನಮ್ಮದು ತುಳಸಿಗೇರಿಯ ಕಡೆಯ ಹಳ್ಳಿ. ಕುರಿ ಸಾಕುವ ಮನೆತನ, ಬೀರಪ್ಪನ ಒಕ್ಕಲು. ನಮ್ಮ ಮನೆಯಲ್ಲಿ ಕಂಪ್ಯೂಟರ್ ಮುಟ್ಟಿದವಳು ನಾನೇ ಮೊದಲಿಗಳು, ಆ ಜಂಬ ಮೈತುಂಬ ಇತ್ತು. ಎರಡು ಪುಸ್ತಕ ಓದಿಕೊಂಡು, ಲಿನಕ್ಸಿನ ಕರ್ನಲ್ ಅಂದರೆ ನನ್ನ ಅಂಗೈ ಗೆರೆ ಎಂದು ತಿಳಿದಿದ್ದೆ. ಕರ್ನಲ್ ಎಂದರೆ ಇಡೀ ಯಂತ್ರವನ್ನು ನಡೆಸುವ ಮೂಲ ಪ್ರೋಗ್ರಾಮ್. ಅದನ್ನು ನಮಗೆ ಬೇಕಾದ ಹಾಗೆ ನಾವೇ ಕಟ್ಟಿಕೊಳ್ಳಬಹುದು. ಕಟ್ಟಿಕೊಳ್ಳಬಹುದು ಎಂದು ಪುಸ್ತಕದಲ್ಲಿ ಬರೆದಿತ್ತು, ಸರ್ವರ್ ನನ್ನ ಕಣ್ಣೆದುರಿಗಿತ್ತು. ಇನ್ನೇನು ಬೇಕು?

ಆ ಸರ್ವರಿನಲ್ಲಿ ಚಾಚಾ ಅವರದೊಂದು ವಸ್ತು ಇತ್ತು. ಅಣೆಕಟ್ಟಿನ ಹಿನ್ನೀರಿಗೆ ಹೋದ ಹಳೆ ಬಾಗಲಕೋಟೆಯ ಓಣಿಗಳ ನಕ್ಷೆ. ಊರು ಖಾಲಿಯಾಗಿ ಜನ ನವನಗರದ ಸೆಕ್ಟರುಗಳಿಗೆ ಬಂದ ಮೇಲೆ, ಯಾರ ಮನೆ ಎಲ್ಲಿತ್ತು, ಬಾಗಿಲು ಯಾವ ದಿಕ್ಕಿಗಿತ್ತು, ಬಾವಿ ಎಷ್ಟು ಮನೆಗಳ ನಡುವೆ ಇತ್ತು ಎಂದು ಕೇಳಿ ಕೇಳಿ, ಕಾಲೇಜು ಬಿಟ್ಟ ಮೇಲೆ ದಿನಕ್ಕೊಂದು ತಾಸು ಕುಳಿತು ಬಿಡಿಸುತ್ತಿದ್ದರು. ಒಂದೊಂದು ಓಣಿಗೆ ಒಂದೊಂದು ಚಿತ್ರ. ಮನೆಗಳಿಗೆ ಮಾಲಕರ ಹೆಸರು ಬರೆಯುತ್ತಿರಲಿಲ್ಲ, ಊರ ಮಂದಿ ಕರೆಯುತ್ತಿದ್ದ ಹೆಸರನ್ನೇ ಬರೆಯುತ್ತಿದ್ದರು. ಬೇವಿನ ಗಿಡದ ಮನಿ. ಎರಡ ಬಾಗಲದ ಮನಿ. ಚಿವುಟೋ ಮಾಸ್ತರನ ಮನಿ. ವರ್ಷಗಟ್ಟಲೆಯ ಕೆಲಸ, ಬೇರೆಲ್ಲೂ ಅದರ ಪ್ರತಿ ಇರಲಿಲ್ಲ. ಎಲ್ಲರಿಗೂ ಪ್ರತಿ ಇಟ್ಟುಕೊಳ್ಳಿರಿ ಎಂದು ಹೇಳುವ ಮನುಷ್ಯ ತನ್ನದಕ್ಕೆ ಮಾತ್ರ ಇಟ್ಟುಕೊಂಡಿರಲಿಲ್ಲ.

ಒಂದು ಮಂಗಳವಾರ ಮಧ್ಯಾಹ್ನ, ಚಾಚಾ ನಮಾಜಿಗೆ ಹೋದಾಗ, ನಾನು ಆ ಸರ್ವರಿಗೆ ಹೊಸ ಕರ್ನಲ್ ಹಾಕಿದೆ. ಯಾರನ್ನೂ ಕೇಳಲಿಲ್ಲ. ಜಾಗ ಉಳಿಯಲಿ ಎಂದು ಹಳೆಯದನ್ನು ಅಳಿಸಿಯೂ ಬಿಟ್ಟೆ. ಗುಂಡಿ ಒತ್ತಿದೆ. ಸಾಲುಗಳು ಸರಸರ ಏರಿದವು, ಆಮೇಲೆ ನಿಂತವು. ಡಿಸ್ಕ್ ಸಿಗುತ್ತಿಲ್ಲ, ಮುಂದೆ ಹೋಗಲಾರೆ ಎಂದು ಕೊನೆಯ ಸಾಲು. ಮತ್ತೆ ಒತ್ತಿದೆ. ಮತ್ತೆ ಅದೇ.

ನಾನು ಮಾಡಿದ ತಪ್ಪು ಏನೆಂದು ಈಗ ಒಂದೇ ಮಾತಿನಲ್ಲಿ ಹೇಳಬಲ್ಲೆ. ಆ ಡಿಸ್ಕಿಗೆ ಒಂದು ಕಂಟ್ರೋಲರ್ ಕಾರ್ಡ್ ಇತ್ತು. ಕಾರ್ಡಿನ ಜೊತೆ ಹೇಗೆ ಮಾತಾಡಬೇಕು ಎಂದು ಕರ್ನಲ್ಲಿಗೆ ಹೇಳಿಕೊಡುವ ಸಣ್ಣ ಪ್ರೋಗ್ರಾಮಿಗೆ ಡ್ರೈವರ್ ಎನ್ನುತ್ತಾರೆ. ಅದನ್ನು ಕರ್ನಲ್ಲಿನ ಒಳಗೇ ಸೇರಿಸಬೇಕಾಗಿತ್ತು. ಬೇಕಾದಾಗ ಕರ್ನಲ್ ತೆಗೆದುಕೊಳ್ಳಲಿ ಎಂದು ನಾನು ಅದನ್ನು ಬೇರೆಯಾಗಿ ಇಟ್ಟೆ, ಎಲ್ಲಿ ಎಂದರೆ ಅದೇ ಡಿಸ್ಕಿನ ಮೇಲೆ. ಕರ್ನಲ್ಲನ್ನು ಎಬ್ಬಿಸುವವರೆಗೆ ಯಂತ್ರವೇ ಡಿಸ್ಕ್ ಓದುತ್ತದೆ, ಆಮೇಲಿನದು ಕರ್ನಲ್ಲಿನ ಪಾಲು. ಡಿಸ್ಕ್ ಓದಲು ಡ್ರೈವರ್ ಬೇಕು, ಡ್ರೈವರ್ ಸಿಗಲು ಡಿಸ್ಕ್ ಓದಬೇಕು. ಕೀಲಿಕೈಯನ್ನು ಟ್ರಂಕಿನೊಳಗೆ ಇಟ್ಟು ಟ್ರಂಕಿಗೆ ಬೀಗ ಜಡಿದ ಹಾಗೆ.

ಆಗ ಇದು ಹೊಳೆಯಲಿಲ್ಲ. ಎಲ್ಲವನ್ನೂ ಹೊಸದಾಗಿ ಹಾಕಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ ಎಂಬ ಹುಚ್ಚು ಯೋಚನೆ ಬಂದು ಇನ್‌ಸ್ಟಾಲ್ ಮಾಡುವ ಸಿಡಿ ಹಾಕಿದೆ. ಅದು ಕೇಳಿದ್ದಕ್ಕೆಲ್ಲ ಹೂಂ ಎನ್ನುತ್ತ ಹೋದೆ. ಕೆಲಸ ಎಷ್ಟಾಯಿತೆಂದು ತೋರಿಸುವ ಪಟ್ಟಿ ಪರದೆಯ ಮೇಲೆ ಒಂದಿಷ್ಟು ತುಂಬಿದ ಮೇಲೆ, ಇದು ಎಲ್ಲರ ಫೈಲುಗಳಿರುವ ಭಾಗವನ್ನು ಒರೆಸುತ್ತಿದೆ ಎಂದು ತಲೆಗೆ ಹೋಯಿತು. ವಾಯರು ಕಿತ್ತೆ. ಕರ್ನಲ್ ಇದ್ದ ಭಾಗ ಬೇರೆ, ಇದರಲ್ಲಿ ನಕ್ಷೆ ಇತ್ತು...

ಚಾಚಾ ಬಂದರು. ನಾನು, "ತಾನ ನಿಂತತ್ರಿ ಚಾಚಾ. ಡಿಸ್ಕ್ ಹೋಗೇತಿ ಅನಸ್ತೈತಿ" ಎಂದೆ. ಎಷ್ಟು ಸಲೀಸಾಗಿ ಸುಳ್ಳು ಬಂತು ಎಂದರೆ ನನಗೇ ಆಶ್ಚರ್ಯ.

ಅವರು ಗಾಬರಿಯಾಗಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತು, ಒಂದು ಹಾಳೆ ತೆಗೆದುಕೊಂಡರು. ಅವರ ಕೆಲಸದ ರೀತಿಯೇ ಹಾಗೆ. ಯಂತ್ರ ಕೆಟ್ಟರೆ ಮೊದಲು ಸ್ಕ್ರೂ ಡ್ರೈವರ್ ಮುಟ್ಟುತ್ತಿರಲಿಲ್ಲ. ಮತ್ತೆ ಮತ್ತೆ ಚಾಲೂ ಮಾಡಿ, ಪರದೆಯ ಮೇಲೆ ಬರುವ ಸಾಲುಗಳನ್ನು ಮೊಟ್ಟಮೊದಲನೆಯದರಿಂದ ಕೈಯಲ್ಲೇ ಬರೆದುಕೊಳ್ಳುತ್ತಿದ್ದರು. ಉಳಿದವರೆಲ್ಲ ಕೊನೆಯ ಸಾಲು ನೋಡಿ ಓಡಾಡುತ್ತಿದ್ದರು. ನನಗೆ ಎಷ್ಟೋ ಸಲ ಹೇಳಿದ್ದರು, "ಕಡೀ ಲೈನ್ ನೋಡಿ ಹೆದರಬ್ಯಾಡ ತಂಗಿ. ಅದು ಸುಮ್ನ ಚೀರತೈತಿ. ಮದ್ಲ ಎಲ್ಲಿ ಎಡವೇತಿ, ಅದನ್ನ ನೋಡು." ಆ ದಿನವೂ ತಾಸುಗಟ್ಟಲೆ ಬರೆದರು. ಹಾಳೆಯನ್ನು ಮಡಚಿ ಜೇಬಿಗಿಟ್ಟರು.

ಪ್ರಾಚಾರ್ಯರಿಗೆ ನನ್ನ ಮಾತೇ ಮುಟ್ಟಿತ್ತು. ಡಿಸ್ಕ್ ಗ್ಯಾರಂಟಿಯಲ್ಲಿದೆ, ಶುಕ್ರವಾರ ಮಾರಿದವರ ಕಡೆಯ ಮನುಷ್ಯ ಬಂದು ಹೊಸದು ಹಾಕಿ ಹಳೆಯದನ್ನು ಒಯ್ಯುತ್ತಾನೆ ಎಂದು ಅವರು ಫೋನಿನಲ್ಲಿ ಗೊತ್ತು ಮಾಡಿಕೊಂಡರು. ಚಾಚಾ ಮಾತ್ರ, "ಕಾರ್ಡ್ ಕೆಟ್ಟಿದ್ರೂ ಕೆಟ್ಟಿರಬಹುದು. ಇಳಕಲ್ಲಿನ್ಯಾಗ ಒಬ್ರ ಕಡೆ ಇಂಥಾದ ಕಾರ್ಡ್ ಇರಬಹುದು. ನಾಳೆ ಹೋಗಿ ನೋಡಿ ಬರ್ತೇನಿ" ಎಂದರು.

ಬುಧವಾರದ ಬಿಸಿಲನ್ನು ನಾನು ಮರೆತಿಲ್ಲ. ಆ ಬಿಸಿಲಿನಲ್ಲಿ ಅಷ್ಟು ವಯಸ್ಸಾದ ಮನುಷ್ಯ ಬಸ್ಸಿನಲ್ಲಿ ಹುನಗುಂದದ ಮೇಲೆ ಹಾಯ್ದು ಇಳಕಲ್ಲಿಗೆ ಹೋಗಿ, ಕೆಟ್ಟೇ ಇರದ ಕಾರ್ಡಿಗಾಗಿ ಅಂಗಡಿ ಅಂಗಡಿ ಅಲೆಯುತ್ತಿರುವ ಚಿತ್ರ ಕಣ್ಣಿಗೆ ಕಟ್ಟಿತು. ಡಬ್ಬಿಯ ರೊಟ್ಟಿ ಹಾಗೇ ಉಳಿಯಿತು. ನಾಳೆ ಹೇಳೋಣ, ಇಲ್ಲ ಹೇಳುವುದೇ ಬೇಡ, ಶುಕ್ರವಾರ ಡಿಸ್ಕೇ ಹೋಗುತ್ತದಲ್ಲ ಎಂದು ಮನಸ್ಸು ಅತ್ತಿತ್ತ ಹೊಯ್ದಾಡುತ್ತಿತ್ತು.

ಅಷ್ಟರಲ್ಲಿ ಕೋಲು ಊರಿಕೊಂಡು ಒಬ್ಬ ಮುದುಕರು ಲ್ಯಾಬಿನ ಬಾಗಿಲಿಗೆ ಬಂದರು. ಯಾವುದೋ ಸೆಕ್ಟರಿನಿಂದ ಆಟೋ ಹಿಡಿದು ಬಂದಿದ್ದರು. "ಚಾಚಾ ಇಲ್ಲೇನವಾ? ನಮ್ಮ ಮನಿ ಮುಂದ ಎರಡ ಮೆಟ್ಟಲ ಅಂತ ಹೇಳಿದ್ದೆ. ರಾತ್ರಿ ನೆನಪಾತು, ಮೂರ ಇದ್ದುವು. ಅದನ್ನ ತಿದ್ದಾಕ ಹೇಳು." ಹೇಳುತ್ತೇನೆ ಎಂದೆ. ಅವರು ಕೋಲು ಎತ್ತಿ ನೆಲಕ್ಕೆ ಮೂರು ಸಲ ಬಡಿದು ತೋರಿಸಿದರು. "ಮೂರ. ಮರೀಬ್ಯಾಡ ಮತ್ತ."

ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ಅತ್ತೆ. ನೀರಿನಡಿ ಹೋದ ಮನೆಯ ಒಂದು ಮೆಟ್ಟಿಲಿಗಾಗಿ ಆ ಮನುಷ್ಯ ಆಟೋ ಹಿಡಿದು ಬಂದಿದ್ದರು. ನಾನು ಊರನ್ನೇ ಒರೆಸಿ, ತಾನೇ ನಿಂತಿತು ಎಂದು ಹೇಳಿ ಕುಳಿತಿದ್ದೆ.

ಗುರುವಾರ ಬೆಳಗ್ಗೆ ಚಾಚಾ ಬಂದರು. ಕೈಯಲ್ಲಿ ಕಾರ್ಡ್ ಇರಲಿಲ್ಲ, ಜೇಬಿನಲ್ಲಿ ಹೊಸ ದಾರದ ಉಂಡೆ ಇತ್ತು. ಅವರು ಕುಳಿತುಕೊಳ್ಳುವ ಮೊದಲೇ ನಾನು ಬಾಯಿ ಬಿಟ್ಟೆ.

"ಚಾಚಾ, ಡಿಸ್ಕ್ ಕೆಟ್ಟಿಲ್ರಿ. ನಾನ ಕರ್ನಲ್ ಬದಲಿ ಮಾಡೇನಿ."

"ಗೊತ್ತೈತೆವಾ" ಎಂದರು, ಚಹದ ಥರ್ಮಾಸಿನ ಮುಚ್ಚಳ ತಿರುಗಿಸುತ್ತ.

ಜೇಬಿನಿಂದ ಆ ಹಾಳೆ ತೆಗೆದು ನನ್ನ ಮುಂದೆ ಹರವಿದರು. ಮೊದಲ ಸಾಲಿನ ಮೇಲೆ ಬೆರಳಿಟ್ಟರು. ಕರ್ನಲ್ ಎದ್ದ ಕೂಡಲೇ ತಾನು ಯಾರೆಂದು ಹೇಳಿಕೊಳ್ಳುತ್ತದೆ. ತನ್ನನ್ನು ಕಟ್ಟಿದವರು ಯಾರು, ಯಾವ ದಿನ, ಎಷ್ಟು ಗಂಟೆಗೆ, ಎಲ್ಲವೂ ಅದರಲ್ಲಿರುತ್ತದೆ. ಅಲ್ಲಿ ನನ್ನ ಲಾಗಿನ್ ಹೆಸರಿತ್ತು. ಮಂಗಳವಾರ ಎಂದಿತ್ತು, ಅವರು ನಮಾಜಿಗೆ ಹೋಗಿದ್ದ ಹೊತ್ತಿತ್ತು. ಎರಡು ಪುಸ್ತಕ ಓದಿದ ಪಂಡಿತೆಗೆ ಇಂಥದೊಂದು ಸಾಲು ಇದೆ ಎಂಬುದೇ ತಿಳಿದಿರಲಿಲ್ಲ.

"ಡಿಸ್ಕ್ ಸತ್ತಿದ್ರ ನಿನ್ನ ಕರ್ನಲ್ ಎಲ್ಲಿಂದ ಎದ್ದು ಬಂತು ಹೇಳು? ಅದೂ ಅದರಾಗ ಇತ್ತಲ್ಲ" ಎಂದರು.

"ಹಂಗಾರ ನೀವು ಇಳಕಲ್ಲಿಗೆ ಯಾಕ ಹೋದ್ರಿ? ಅಂಥಾ ಬಿಸಲಾಗ..."

"ನನ್ನ ತಂಗಿ ಊಟಕ್ಕ ಕರದಿದ್ಳು. ಉಂಡೆ, ಒಂದ ನಿದ್ದಿ ಮಾಡ್ದೆ, ಬಂದೆ. ನಿನಗ ಬಾಯಿ ಬಿಡಾಕ ಟೈಮ್ ಬೇಕಾಗಿತ್ತು. ಅಲ್ಲೀತನಾ ನಾ ಯಾಕ ಇಲ್ಲಿ ನೊಣಾ ಹೊಡಕೋತ ಕುಂದ್ರಲಿ?"

ನಾನು ಉಪವಾಸ ಕುಳಿತು ಮರುಗುತ್ತಿದ್ದಾಗ ಈ ಪುಣ್ಯಾತ್ಮ ತಂಗಿಯ ಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದರು! ಸಿಟ್ಟು, ನಗು, ಅಳು ಒಟ್ಟಿಗೇ ಬಂದವು. ಆದರೆ ನಾನು ಹೇಳುವುದು ಇನ್ನೂ ಮುಗಿದಿರಲಿಲ್ಲ. "ಇನ್ನೂ ಒಂದೈತ್ರಿ" ಎಂದೆ. ಸಿಡಿ ಹಾಕಿದ್ದು, ಪಟ್ಟಿ ತುಂಬುತ್ತ ಹೋದದ್ದು, ವಾಯರು ಕಿತ್ತದ್ದು ಎಲ್ಲ ಹೇಳಿದೆ.

ಚಹ ಸುರಿಯುತ್ತಿದ್ದ ಕೈ ನಿಂತಿತು. "ಇದು ನನಗ ಗೊತ್ತಿರಲಿಲ್ಲ" ಎಂದರು. ಥರ್ಮಾಸನ್ನು ಕೆಳಗಿಟ್ಟರು. ಅವರ ಲೆಕ್ಕದಲ್ಲಿ ಇದು ಅರ್ಧ ತಾಸಿನ ಕೆಲಸವಾಗಿತ್ತು. ಡ್ರೈವರ್ ಇರುವ ಬೇರೆ ಸಿಡಿಯಿಂದ ಯಂತ್ರ ಎಬ್ಬಿಸುವುದು, ಸರಿಯಾದ ಕರ್ನಲ್ ಕಟ್ಟಿ ಹಾಕುವುದು, ಚಾಲೂ ಮಾಡುವುದು. ಆದರೆ ಹಾಗೆ ಚಾಲೂ ಆದ ಯಂತ್ರ, ಅರ್ಧ ಒರೆಸಿದ ಆ ಭಾಗವನ್ನು ಕಂಡು ತಾನೇ ರಿಪೇರಿ ಮಾಡಲು ಹೋಗಿ, ಉಳಿದದ್ದನ್ನೂ ಹಾಳುಮಾಡಬಹುದಿತ್ತು.

"ನೀ ಇದನ್ನ ಹೇಳದಿದ್ರ ನನ್ನ ಕೈಲೇನ ಎಲ್ಲಾ ಹೋಗತಿತ್ತು" ಎಂದರು. ಆಮೇಲೆ ತಮ್ಮ ಕುರ್ಚಿ ಬಿಟ್ಟೆದ್ದು, "ಕುಂದರು. ನೀನ ಮಾಡು. ನಾ ಬಾಜೂಕ ಇರ್ತೇನಿ" ಎಂದರು.

ಅವರ ಜಾಗದಲ್ಲಿ ಬೇರೆಯವರಾಗಿದ್ದರೆ ಆ ಕೀಲಿಮಣೆಯ ಹತ್ತಿರಕ್ಕೂ ನನ್ನನ್ನು ಬಿಡುತ್ತಿರಲಿಲ್ಲ. ಬಿಡಬಾರದೂ ಹೌದು. ಅವರು ಬಿಟ್ಟರು. ತಮ್ಮ ಅಷ್ಟು ವರ್ಷದ ಕೆಲಸ ಉಳಿಯುತ್ತದೋ ಇಲ್ಲವೋ ಎಂಬ ಹೊತ್ತಿನಲ್ಲಿ, ಅದನ್ನು ಕೆಡಿಸಿದವಳ ಕೈಗೇ ಕೊಟ್ಟರು. ನನ್ನ ಬದುಕಿನಲ್ಲಿ ಯಾರೂ ನನ್ನನ್ನು ಅಷ್ಟು ನಂಬಿದ್ದಿಲ್ಲ.

ಸಿಡಿಯಿಂದ ಯಂತ್ರ ಎಬ್ಬಿಸಿದೆ. ಆ ಕರ್ನಲ್ಲಿನಲ್ಲಿ ಡ್ರೈವರ್ ಇತ್ತು, ಡಿಸ್ಕ್ ಕಾಣಿಸಿತು. ಒರೆಸಿದ ಭಾಗದ ಮೇಲೆ ಏನನ್ನೂ ಬರೆಯದ ಹಾಗೆ, ಬರಿ ಓದಲಿಕ್ಕಷ್ಟೇ ತೆರೆಯಲು ಹೇಳಿದರು. ಮೊದಲ ಸಲ ತೆರೆಯಲಿಲ್ಲ. ಇಂಥ ಭಾಗಗಳ ಮುಖ್ಯ ವಿವರಗಳ ಪ್ರತಿ ಅದೇ ಡಿಸ್ಕಿನಲ್ಲಿ ಮುಂದೆ ಅಲ್ಲಲ್ಲಿ ಇರುತ್ತದೆ, ಅದನ್ನು ಹುಡುಕಿಸಿದರು. ಎರಡನೆಯ ಪ್ರತಿಯಿಂದ ಭಾಗ ತೆರೆಯಿತು. ಒಂದೊಂದೇ ಓಣಿಯ ಚಿತ್ರವನ್ನು ಬೇರೆ ಡಿಸ್ಕಿಗೆ ತೆಗೆದುಕೊಂಡೆವು. ಪ್ರತಿಯೊಂದು ಬಂದಾಗಲೂ ಚಾಚಾ ಅದನ್ನು ತೆರೆಯಿಸಿ, ಮನೆಗಳ ಹೆಸರನ್ನು ಮೆಲ್ಲಗೆ ಓದುತ್ತಿದ್ದರು, ಯಾರ್ಯಾರು ದಾಟಿ ಬಂದರು ಎಂದು ನೋಡುವವರ ಹಾಗೆ. ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ಬಂದವು, ಒಂದರ ಹೊರತು.

ಮೂರು ಸಲ ಹುಡುಕಿದೆವು. ಚಾಚಾ ಕನ್ನಡಕ ತೆಗೆದು ಒರೆಸಿಕೊಂಡರು. "ಒಂದ ಓಣಿ ಹೋತು" ಎಂದರು, ಅಷ್ಟೇ. ನಾನು ತಲೆ ಎತ್ತಲಿಲ್ಲ. "ಅಳಬ್ಯಾಡ ತಂಗಿ. ಓಣಿ ಹೋದ್ರೂ ಓಣ್ಯಾಗಿನ ಮಂದಿ ಅದಾರಲ್ಲ. ಮತ್ತ ಕೇಳೂಣು."

ಆ ಸಂಜೆ ಡ್ರೈವರನ್ನು ಒಳಗಿಟ್ಟುಕೊಂಡ ಹೊಸ ಕರ್ನಲ್ ಕಟ್ಟಿದೆ. ಸರ್ವರ್ ಎದ್ದಿತು. ನಾನು ಮೊದಲ ಸಾಲನ್ನು ಗಟ್ಟಿಯಾಗಿ ಓದಿದೆ, ಅದರಲ್ಲಿದ್ದ ನನ್ನ ಹೆಸರಿನ ಸಮೇತ. ಪ್ರಾಚಾರ್ಯರ ಕೋಣೆಗೆ ಇಬ್ಬರೂ ಹೋದೆವು. ಚಾಚಾ ಮೇಲಿನ ಫ್ಯಾನನ್ನೇ ಬಹಳ ಆಸಕ್ತಿಯಿಂದ ನೋಡುತ್ತ ನಿಂತರು. ನಾನೇ ಎಲ್ಲ ಹೇಳಿದೆ. ಪ್ರಾಚಾರ್ಯರು ನನ್ನನ್ನು ನೋಡಿದರು, ಚಾಚಾನನ್ನು ನೋಡಿದರು, ನಾಳೆ ಬರುವುದು ಬೇಡ ಎಂದು ಡಿಸ್ಕಿನವರಿಗೆ ಫೋನ್ ಮಾಡಿದರು. "ಇನ್ನ ಮ್ಯಾಲ ಇವರನ್ನ ಕೇಳದ ಏನೂ ಮುಟ್ಟಬ್ಯಾಡ್ರಿ" ಎಂದರು. ನನ್ನ ಕೆಲಸ ಉಳಿಯಿತು.

ಹೋದ ಓಣಿ ಚಾಚಾ ಹುಟ್ಟಿ ಬೆಳೆದ ಓಣಿ ಎಂದು ನನಗೆ ತಿಳಿದದ್ದು ಆಮೇಲೆ, ಮತ್ತೆ ಕೇಳಲು ಹೊರಟಾಗ. ಅವರಾಗಿ ಹೇಳಲೇ ಇಲ್ಲ. ಎಷ್ಟೋ ರವಿವಾರ ಅವರ ಲೂನಾದ ಹಿಂದೆ ನನ್ನ ಸ್ಕೂಟಿ ಓಡಿಸಿಕೊಂಡು ಸೆಕ್ಟರಿನಿಂದ ಸೆಕ್ಟರಿಗೆ ಅಲೆದೆವು. ಒಂದೇ ಓಣಿಯಲ್ಲಿ ಗೋಡೆಗೆ ಗೋಡೆ ಹಚ್ಚಿಕೊಂಡಿದ್ದ ಮಂದಿ ಈಗ ನವನಗರದಲ್ಲಿ ಒಬ್ಬರು ಆ ತುದಿ, ಒಬ್ಬರು ಈ ತುದಿ. ಒಂದು ಮನೆಯಲ್ಲಿ ಚಹ, ಇನ್ನೊಂದರಲ್ಲಿ ಚುರುಮುರಿ. ಕಟ್ಟೆ ಎಡಕ್ಕಿತ್ತೋ ಬಲಕ್ಕಿತ್ತೋ ಎಂದು ಗಂಡಹೆಂಡಿರ ಜಗಳ. ಚಾಚಾ ಎಲ್ಲವನ್ನೂ ಕೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ತಪ್ಪು ಮಾಡಿದ್ದಕ್ಕೆ ನನಗೆ ಸಿಕ್ಕ ಶಿಕ್ಷೆ ಇದೇ ಆಗಿದ್ದರೆ, ಅಂಥ ಶಿಕ್ಷೆ ಎಲ್ಲರಿಗೂ ಸಿಗಲಿ.

ಆಮೇಲೆ ಅವರು ನಿವೃತ್ತರಾದರು. ಬರುವುದು ಕಡಿಮೆಯಾಯಿತು, ಫೋನು ನಡೆದಿತ್ತು. ಅವರು ತೀರಿಕೊಂಡ ದಿನ ನಾನು ಬಾದಾಮಿಯಲ್ಲಿ ಸಂಬಂಧಿಕರ ಮದುವೆಯಲ್ಲಿದ್ದೆ. ಸುದ್ದಿ ಮುಟ್ಟಿ, ಸಿಕ್ಕ ರೈಲು ಹತ್ತಿ ಬರುವಷ್ಟರಲ್ಲಿ ಮಣ್ಣು ಮುಗಿದಿತ್ತು. ಕೊನೆಯ ಸಲ ಮುಖ ನೋಡಲಿಲ್ಲವಲ್ಲ ಎಂಬ ಸಂಕಟ ಈಗಲೂ ಇದೆ. ನಾನು ಇಂದು ಯಂತ್ರದ ಮುಂದೆ ಅಂಜದೆ ಕುಳಿತುಕೊಳ್ಳುವುದು, ತಪ್ಪಿದಾಗ ತಪ್ಪಿದೆ ಎನ್ನಲು ನಾಲಿಗೆ ತಡವರಿಸದಿರುವುದು, ಎರಡೂ ಅವರು ಕೊಟ್ಟದ್ದು. ಬದುಕಿದ್ದಾಗ ಇದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಚಹ ತರಲು ಕಳಿಸುತ್ತಿದ್ದರೇನೋ...

ನಕ್ಷೆ ಈಗ ನನ್ನ ಹತ್ತಿರ ಇದೆ, ಮೂರು ಕಡೆ ಮೂರು ಪ್ರತಿ. ಆಗಾಗ ಜನ ಕೇಳಿಕೊಂಡು ಬರುತ್ತಾರೆ. ಹೋದ ವಾರ ಒಬ್ಬ ಅಜ್ಜಿ ಬಂದರು, ಆ ಕಳೆದುಹೋದ ಓಣಿಯವರು. ನಾವು ಅಲೆಯುತ್ತಿದ್ದ ಕಾಲಕ್ಕೆ ಮಗಳ ಊರಿನಲ್ಲಿದ್ದರಂತೆ. ಪರದೆಯ ಮೇಲೆ ಚಿತ್ರ ತೆರೆದು, ನಾನು ಯಾವಾಗಲೂ ಹೇಳುವುದನ್ನು ಮೊದಲೇ ಹೇಳಿದೆ. "ಅವ್ವಾ, ಈ ಓಣಿ ಒಮ್ಮೆ ಪೂರಾ ಬರದಿದ್ರು. ನನ್ನ ಕೈಲೆ ಹೋತು. ತಿರುಗಿ ಬರದದ್ದು ಇಷ್ಟ."

ಅವರು ತಮ್ಮ ಮನೆಯನ್ನು ಹುಡುಕಿಕೊಂಡು ಹಿಗ್ಗಿದರು. ಆಮೇಲೆ ಪಕ್ಕದ ಖಾಲಿ ಚೌಕದ ಮೇಲೆ ಬೆರಳಿಟ್ಟರು. "ಇದನ್ಯಾಕ ಹಂಗ ಬಿಟ್ಟೀರಿ? ಇದು ರೇಡಿಯೋದವರ ಮನಿ."

"ಯಾರ್ರಿ ಅವರು?"

"ನಮ್ಮ ಓಣಿಗೆಲ್ಲಾ ಅವರದೊಂದ ರೇಡಿಯೋ. ಅವರಪ್ಪ ಸಂಜೀ ಆತಂದ್ರ ಕಿಡಕ್ಯಾಗ ಇಡಾಂವ, ನಾವೆಲ್ಲಾ ಕಟ್ಟೀ ಮ್ಯಾಲ ಕುಂತ ಕೇಳಾವ್ರು. ಮಗಾ ಒಮ್ಮೆ ಅದನ್ನ ಬಿಚ್ಚಿ ಕೆಡಿಸಿದ್ದ ನೋಡು, ನಾಕೈದ ದಿನಾ ಬಾಯಿ ಬಿಡಲಿಲ್ಲ. ಆಮ್ಯಾಲ ಅಳಕೋತ ಬಂದು ನಾನ ಅಂದ. ಅವರಪ್ಪ ಬೈಲಿಲ್ಲ, ಅವನ ಕೈಲೇನ ಮತ್ತ ಜೋಡಸಾಕ ಹಚ್ಚಿದ. ಕುಳ್ಳ ಹುಡುಗ. ಮುಂದ ಇಲ್ಲೇ ಯಾವದೋ ಕಾಲೇಜಿನ್ಯಾಗ ಇದ್ದ ಅಂತಿದ್ರು..."

ಆ ಖಾಲಿ ಚೌಕವನ್ನು ನಾನು ಅದೆಷ್ಟು ಸಲ ನೋಡಿಲ್ಲ. ಯಾರೋ ಸಿಗದವರ ಮನೆ ಇರಬೇಕು ಎಂದುಕೊಂಡಿದ್ದೆ. ಚಾಚಾನ ಮನೆ ಈ ಓಣಿಯಲ್ಲಿ ಎಲ್ಲಿತ್ತು ಎಂಬ ಪ್ರಶ್ನೆ ಬರಲೇ ಇಲ್ಲ. ಅವರ ಮನೆ ಅವರಿಗೆ ಗೊತ್ತೇ ಇದೆಯಲ್ಲ, ಬರೆದಿರುತ್ತಾರೆ ಎಂದು ಬಿಟ್ಟುಬಿಟ್ಟಿದ್ದೆ.

ಅಜ್ಜಿ ಹೇಳಿದ ಹಾಗೆ ಬಾಗಿಲು ಬಿಡಿಸಿದೆ, ಕಿಟಕಿ ಬಿಡಿಸಿದೆ, ರೇಡಿಯೋದವರ ಮನಿ ಎಂದು ಬರೆದೆ. ಮೂರು ಕಡೆಯ ಪ್ರತಿಗಳಲ್ಲೂ ತಿದ್ದಿದೆ. ಅಷ್ಟೊಂದು ರವಿವಾರ ಅವರ ಜೊತೆ ತಿರುಗಿ, ಕಂಡವರನ್ನೆಲ್ಲ ನಿಮ್ಮ ಮನಿ ಎಲ್ಲಿತ್ರಿ ಎಂದು ಕೇಳಿದವಳು ನಾನು. ಅವರನ್ನು ಒಂದು ಸಲವೂ ಕೇಳಲಿಲ್ಲ.